ಕೇಬಲ್ ಹಾಕಿದ ದಿನ ಮಾತ್ರ ತಣ್ಣಗೆ

2024ರ ಡಿಸೆಂಬರ್, ಎರಡನೇ ವಾರ. ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ ಹೋಗುವ ದಾರಿಯಲ್ಲಿ, ಮೇಗರವಳ್ಳಿ ಹತ್ತಿರದ ಒಂದು ಊರಿನಿಂದ ಫೋನ್ ಬಂತು. ಅಲ್ಲಿ ಮನೆಯ ಜಗುಲಿಯ ಒಂದು ಮೂಲೆಯನ್ನೇ ಕಚೇರಿ ಮಾಡಿಕೊಂಡು ಪಹಣಿ ತೆಗೆದುಕೊಡುವುದು, ಜಾತಿ-ಆದಾಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು, ಮಕ್ಕಳ ಸ್ಕಾಲರ್‌ಶಿಪ್ ಫಾರಂ ತುಂಬುವುದು ಇಂಥ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಹಳೆಯ ಗಿರಾಕಿ. ಶಿವಮೊಗ್ಗದ ನನ್ನ ಅಂಗಡಿಯಿಂದಲೇ 2021ರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿದ್ದರು. ಏಳನೇ ತಲೆಮಾರಿನ ಐ5, 7200ಯು ಪ್ರೊಸೆಸರ್. ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ ಕೊಟ್ಟವನು ನಾನೇ.

"ಎಂಥದೋ ಮಾರಾಯ, ಹತ್ತು ಗಂಟೆ ಆಯ್ತು ಅಂದ್ರೆ ಇದು ಮಲಗಿಬಿಡ್ತದೆ. ಓಟಿಪಿ ಬರ್ತದೆ, ಅದನ್ನ ಹೊಡಿಯೋ ಪೇಜು ತೆರೆಯೋದ್ರೊಳಗೆ ಟೈಮ್ ಮುಗೀತದೆ. ಜನ ಬಾಗಿಲಲ್ಲಿ ನಿಂತಿದಾರೆ. ಅಡಿ ಮುಟ್ಟಿದ್ರೆ ಕಾವಲಿ."

ಅಲ್ಲಿಯವರೆಗೆ ಏನೇನಾಗಿತ್ತು ಎಂದು ಕೇಳಿದೆ. ಒಂದು ಅಂಗಡಿಯಲ್ಲಿ ರ‍್ಯಾಮ್ ಸಾಲದು ಅಂದರಂತೆ, 8 ಜಿಬಿ ಇದ್ದದ್ದನ್ನು 16 ಮಾಡಿಸಿಕೊಂಡಿದ್ದರು. ಏನೂ ಬದಲಾಗಲಿಲ್ಲ. ಎರಡನೇ ಸಲ ಹೋದಾಗ "ಲಿನಕ್ಸ್ ಇದ್ರೆ ಹೀಗೇ, ಫ್ಯಾನ್ ಕಂಟ್ರೋಲ್ ಆಗಲ್ಲ, ತೆಗೆದು ಬೇರೆ ಹಾಕೋಣ" ಅಂದರಂತೆ. ಈ ಮಾತು ಕೇಳಿದಾಗ ನನಗೆ ಸಿಟ್ಟು ಬಂದದ್ದು ನಿಜ. ಆ ಮಾತಿನಲ್ಲಿ ಅರ್ಧ ಸತ್ಯ ಇತ್ತು ಎಂದು ನಾಲ್ಕು ದಿನ ಆದಮೇಲೆ ಗೊತ್ತಾಯಿತು. ತಪ್ಪು ಲಿನಕ್ಸಿನದಲ್ಲ, ಅದು ಬೇರೆ ಮಾತು.

ಫೋನಿನಲ್ಲಿ ಅಕ್ಕ ಇನ್ನೂ ಮೂರು ಸಂಗತಿ ಹೇಳಿದರು. ಮೂರನ್ನೂ ಒಂದು ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡೆ. ಒಂದು, ಏಪ್ರಿಲ್-ಮೇ ಸೆಕೆಯಲ್ಲಿ ಈ ತೊಂದರೆ ಇರಲೇ ಇಲ್ಲ, ಶುರುವಾದದ್ದು ದೀಪಾವಳಿ ಕಳೆದ ಮೇಲೆ. ಎರಡು, ಕೆಲವು ಸಲ ರೀಸ್ಟಾರ್ಟ್ ಮಾಡಿದರೆ ಇಡೀ ದಿನ ಸರಿ ಇರುತ್ತದೆ, ಕೆಲವು ಸಲ ಇಲ್ಲ. ಮೂರನೆಯದು ನನಗೆ ಆಗ ಏನೂ ಅನ್ನಿಸಲಿಲ್ಲ. "ವೈಫೈಯಲ್ಲಿ ನಿಧಾನ, ಕೇಬಲ್ ಹಾಕಿದ ದಿನ ಚೆನ್ನಾಗಿರ್ತದೆ. ನೆಟ್ಟಿಂದೇ ಪ್ರಾಬ್ಲಮ್ ಇರಬಹುದಾ?" ವೈಫೈ ಸಿಗ್ನಲ್ ಮಣ್ಣಿನ ಗೋಡೆ ದಾಟಿ ಬರಬೇಕು, ಇದ್ದೀತು ಎಂದುಕೊಂಡು ಅದನ್ನು ಅಲ್ಲಿಗೇ ಬಿಟ್ಟೆ.

ಭಾನುವಾರದವರೆಗೆ ನನಗೆ ಹೋಗಲು ಆಗುತ್ತಿರಲಿಲ್ಲ. ಅದಕ್ಕೆ ಫೋನಿನಲ್ಲೇ ಒಂದು ಪರೀಕ್ಷೆ ಮಾಡಿಸಿದೆ. ಇಂಟೆಲ್ ಪ್ರೊಸೆಸರುಗಳಿಗೆ ಟರ್ಬೊ ಎಂಬುದೊಂದಿದೆ. ಕೆಲಸ ಬಿದ್ದಾಗ ಮೂಲ ವೇಗಕ್ಕಿಂತ ಮೇಲೆ ಓಡುವುದು. ಈ 7200ಯುನ ಮೂಲ ವೇಗ 2.5 ಗಿಗಾಹರ್ಟ್ಸ್, ಟರ್ಬೊದಲ್ಲಿ 3.1. ಲಿನಕ್ಸಿನಲ್ಲಿ 'ಇಂಟೆಲ್ ಪಿಸ್ಟೇಟ್' ಕೋಶದೊಳಗೆ, ಅಂದರೆ ಫೋಲ್ಡರಿನೊಳಗೆ, 'ನೋ ಟರ್ಬೊ' ಎಂಬ ಪುಟ್ಟ ಫೈಲ್ ಇದೆ, ಅದರಲ್ಲಿ 0 ಇದ್ದದ್ದನ್ನು 1 ಮಾಡಿದರೆ ಟರ್ಬೊ ನಿಲ್ಲುತ್ತದೆ. ಅಕ್ಷರ ಅಕ್ಷರ ಹೇಳಿ ಹೊಡೆಸಿದೆ. ಕಂಪ್ಯೂಟರ್ ನಿಧಾನವಾಗಿದೆ ಎಂದು ಅಳುವವರಿಗೆ ಇನ್ನೂ ನಿಧಾನ ಮಾಡಿ ಅನ್ನುವುದು ವಿಚಿತ್ರವೇ. ಅರ್ಧ ಗಂಟೆ ಬಿಟ್ಟು ಅಕ್ಕನ ಮೆಸೇಜ್ ಬಂತು: "ಈಗ ಪರವಾಗಿಲ್ಲ."

ಆ ಎರಡು ಪದದಲ್ಲಿ ನನಗೆ ಬೇಕಾದ್ದು ಸಿಕ್ಕಿತು. ವೇಗ ಇಳಿಸಿದಾಗ ಯಂತ್ರ ಚುರುಕಾಯಿತು ಅಂದರೆ ರೋಗ ರ‍್ಯಾಮಿನದಲ್ಲ, ನೆಟ್ಟಿನದಲ್ಲ, ಕಾವಿನದು. ಪ್ರೊಸೆಸರ್ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದರೆ ತನ್ನನ್ನು ತಾನೇ ಉಳಿಸಿಕೊಳ್ಳಲು ವೇಗವನ್ನು ತಟ್ಟನೆ ಕೆಳಗಿಳಿಸುತ್ತದೆ, ಸ್ವಲ್ಪ ಆರಿದರೆ ಮತ್ತೆ ಏರಿಸುತ್ತದೆ, ಮತ್ತೆ ಕಾಯುತ್ತದೆ, ಮತ್ತೆ ಇಳಿಸುತ್ತದೆ. ನಮಗೆ ಕಾಣುವುದು 'ಹ್ಯಾಂಗ್' ಮಾತ್ರ. ಜನ ಸಾಮಾನ್ಯವಾಗಿ ಲ್ಯಾಪ್‌ಟಾಪ್ ತಾನಾಗಿ ಆಫ್ ಆದರೆ ಮಾತ್ರ 'ಹೀಟ್ ಪ್ರಾಬ್ಲಮ್' ಅನ್ನುತ್ತಾರೆ. ಆಫ್ ಆಗುವುದು ಕೊನೆಯ ಮೆಟ್ಟಿಲು. ಅದಕ್ಕಿಂತ ಎಷ್ಟೋ ತಿಂಗಳು ಮೊದಲೇ ಹೀಗೆ ಏದುಸಿರು ಬಿಡುತ್ತಿರುತ್ತದೆ.

ಆ 'ನೋ ಟರ್ಬೊ' ರೀಸ್ಟಾರ್ಟ್ ಮಾಡಿದರೆ ಅಳಿಸಿಹೋಗುತ್ತದೆ. ಮೂರು ದಿನ ಬೆಳಿಗ್ಗೆ ಅಂಗಳ ಸಾರಿಸಿದ ಹಾಗೆ ಅಕ್ಕ ಅದನ್ನು ಹೊಡೆದುಕೊಂಡು ಕೆಲಸ ಸುಧಾರಿಸಿದರು.

ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಗಾಜನೂರು, ಮಂಡಗದ್ದೆ ದಾಟುವಾಗ ತುಂಗೆಯ ಮೇಲೆ ಮಂಜು, ಕಿಟಕಿ ತೆರೆಯಲು ಆಗದಷ್ಟು ಚಳಿ. ಈ ಚಳಿಯಲ್ಲಿ ಒಂದು ಲ್ಯಾಪ್‌ಟಾಪ್ ಕಾವಲಿ ಆಗುವುದು ಹೇಗೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ. ಮನೆ ತಲುಪಿ ಅಂಗಳಕ್ಕೆ ಕಾಲಿಟ್ಟಾಗ ಉತ್ತರದ ಒಂದು ತುಂಡು ಕಣ್ಣಿಗೆ ಬಿತ್ತು. ಅಡಿಕೆ ಕೊಯ್ಲು. ಮನೆಯ ಪಕ್ಕದ ಮಾಡಿನಲ್ಲಿ ಸುಲಿಯುವ ಮಷೀನು ಓಡುತ್ತಿತ್ತು, ಸಿಪ್ಪೆಯ ನಾರು ಗಾಳಿಯಲ್ಲಿ ಹಾರುತ್ತಿತ್ತು. ಹಿಂದೆ ದೊಡ್ಡ ಹಂಡೆಯಲ್ಲಿ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆಯೂ ಹಸಿ ಸೌದೆಯ ಹೊಗೆಯೂ ಸೇರಿ ಜಗುಲಿಗೆ ಬರುತ್ತಿತ್ತು. ಲ್ಯಾಪ್‌ಟಾಪ್ ಇದ್ದದ್ದು ಹಿತ್ತಲ ಬಾಗಿಲಿನ ಪಕ್ಕದ ಮೇಜಿನ ಮೇಲೆ, ಅಂದವಾದ ಕ್ರೋಷಾ ಬಟ್ಟೆಯ ಮೇಲೆ. ಈ ಮಾದರಿ ಗಾಳಿ ಎಳೆದುಕೊಳ್ಳುವುದೇ ಅಡಿಭಾಗದ ಕಿಂಡಿಗಳಿಂದ. ಆ ಬಟ್ಟೆಯನ್ನು ನಾನು ಮುಟ್ಟಲಿಲ್ಲ. ಏನನ್ನೂ ಸರಿಮಾಡುವ ಮೊದಲು ಇದ್ದದ್ದು ಇದ್ದ ಹಾಗೇ ಅಳೆಯಬೇಕು. ಇಲ್ಲದಿದ್ದರೆ ಆಮೇಲೆ ಯಾವುದರಿಂದ ಗುಣವಾಯಿತು ಎಂದು ಹೇಳಲು ಬರುವುದಿಲ್ಲ.

ಮೊದಲು ನೋಡಿದ್ದು ಎಣಿಕೆ. ಪ್ರೊಸೆಸರ್ ಕಾವಿಗೆ ಹೆದರಿ ವೇಗ ಇಳಿಸಿದಾಗಲೆಲ್ಲ ಲಿನಕ್ಸ್ ಒಂದು ಲೆಕ್ಕ ಬರೆದಿಡುತ್ತದೆ. ಪ್ರತಿ ಸಿಪಿಯುವಿನ ಕೋಶದಲ್ಲೂ 'ಥರ್ಮಲ್ ಥ್ರಾಟಲ್' ಎಂಬ ಒಳಕೋಶ, ಅದರಲ್ಲಿ 'ಪ್ಯಾಕೇಜ್ ಥ್ರಾಟಲ್ ಕೌಂಟ್'. ಕಂಪ್ಯೂಟರ್ ಆನ್ ಆದಾಗ ಸೊನ್ನೆಯಿಂದ ಶುರು. ಟರ್ಬೊ ಮತ್ತೆ ಬಿಟ್ಟು, ಅಕ್ಕನಿಗೆ ಎಂದಿನ ಹಾಗೆ ಕೆಲಸ ಮಾಡಲು ಹೇಳಿ, ಒಂದು ಗಂಟೆ ಬಿಟ್ಟು ನೋಡಿದರೆ ಅದರಲ್ಲಿ 6,814 ಇತ್ತು. ಚೆನ್ನಾಗಿರುವ ಯಂತ್ರದಲ್ಲಿ ಅದು ಸೊನ್ನೆಯಲ್ಲೇ ಇರಬೇಕು, ಹೆಚ್ಚೆಂದರೆ ಬೆರಳೆಣಿಕೆ.

ಆಮೇಲೆ 'ಸೆನ್ಸರ್ಸ್' ಆಜ್ಞೆ. ಎಲ್‌ಎಂ-ಸೆನ್ಸರ್ಸ್ ಎಂಬ ಪ್ಯಾಕೇಜಿನ ಜೊತೆ ಬರುತ್ತದೆ, ಯಂತ್ರದೊಳಗಿನ ಎಲ್ಲ ತಾಪಮಾಪಕಗಳನ್ನೂ ಓದಿ ಹೇಳುತ್ತದೆ. ಸುಮ್ಮನಿದ್ದಾಗ ಪ್ರೊಸೆಸರ್ 63 ಡಿಗ್ರಿ, ಫ್ಯಾನ್ ನಿಮಿಷಕ್ಕೆ 2,400 ಸುತ್ತು. 'ಸ್ಟ್ರೆಸ್-ಎನ್‌ಜಿ' ಎಂಬ ಪರೀಕ್ಷೆಯ ಪ್ರೋಗ್ರಾಂ ಹಾಕಿ ಪ್ರೊಸೆಸರಿನ ನಾಲ್ಕೂ ಥ್ರೆಡ್ಡಿಗೆ ಪೂರ್ತಿ ಭಾರ ಕೊಟ್ಟೆ. ಒಂದು ನಿಮಿಷವೂ ಆಗಲಿಲ್ಲ, 98. ವೇಗ 1.1 ಗಿಗಾಹರ್ಟ್ಸಿಗೆ ಬಿತ್ತು. ಫ್ಯಾನ್?

2,400.

ಇಲ್ಲಿ ನಾನು ಪರದೆ ಬಿಟ್ಟು ಕಿವಿಗೊಟ್ಟೆ. ಬಿಸಿಯಾದ ಲ್ಯಾಪ್‌ಟಾಪ್ ಕೂಗಬೇಕು, ಇದು ಪಿಸುಗುಟ್ಟುತ್ತಿತ್ತು. ಧೂಳು ಕಟ್ಟಿ ಬಿಸಿಯಾಗುವ ಯಂತ್ರಗಳನ್ನು ನಾನು ನೂರಾರು ನೋಡಿದ್ದೇನೆ. ಅವುಗಳ ಫ್ಯಾನ್ ವಿಮಾನ ಏರುವ ಹಾಗೆ ಸದ್ದು ಮಾಡುತ್ತದೆ, ಯಾಕೆಂದರೆ ಅದು ತನ್ನ ಕೈಲಾದಷ್ಟು ಒದ್ದಾಡುತ್ತಿರುತ್ತದೆ. ಈ ಫ್ಯಾನಿಗೆ ಮನೆಗೆ ಬೆಂಕಿ ಬಿದ್ದ ಸುದ್ದಿಯೇ ಹೋಗಿರಲಿಲ್ಲ.

ಈ ಯಂತ್ರದ ಫ್ಯಾನನ್ನು ನಡೆಸುತ್ತಿದ್ದದ್ದು ಥಿಂಕ್‌ಫ್ಯಾನ್ ಎಂಬ ಸೇವೆ. ಮಾಮೂಲಿಯಾಗಿ ಲ್ಯಾಪ್‌ಟಾಪಿನ ಫ್ಯಾನನ್ನು ಆಪರೇಟಿಂಗ್ ಸಿಸ್ಟಮ್ ಮುಟ್ಟುವುದಿಲ್ಲ. ಮದರ್‌ಬೋರ್ಡಿನಲ್ಲಿರುವ ಎಂಬೆಡೆಡ್ ಕಂಟ್ರೋಲರ್ ಎಂಬ ಪುಟ್ಟ ಚಿಪ್ ತಾನೇ ನೋಡಿಕೊಳ್ಳುತ್ತದೆ, ಲಿನಕ್ಸ್ ಇರಲಿ ಬೇರೆ ಯಾವುದೇ ಇರಲಿ. ಥಿಂಕ್‌ಪ್ಯಾಡ್‌ಗಳಲ್ಲಿ ಬೇಕೆಂದರೆ ಆ ಅಧಿಕಾರ ನಾವು ಕೇಳಿ ಪಡೆಯಬಹುದು. 'ಥಿಂಕ್‌ಪ್ಯಾಡ್ ಎಸಿಪಿಐ' ಎಂಬ, ಲಿನಕ್ಸಿನ ತಿರುಳಾದ ಕರ್ನಲಿನ ಮಾಡ್ಯೂಲಿಗೆ 'ಫ್ಯಾನ್ ಕಂಟ್ರೋಲ್' 1 ಎಂದು ಕೊಟ್ಟರೆ ಫ್ಯಾನಿಗೆ ಸೊನ್ನೆಯಿಂದ ಏಳರವರೆಗೆ ಮಟ್ಟ ಹೇಳಬಹುದು, ಅಥವಾ 'ಆಟೊ' ಎಂದು ಮರಳಿ ಚಿಪ್ಪಿಗೇ ಒಪ್ಪಿಸಬಹುದು, ಅಥವಾ 'ಫುಲ್ ಸ್ಪೀಡ್' ಎಂದು ಲಗಾಮು ಪೂರ್ತಿ ಬಿಡಬಹುದು. ಈ ಯಂತ್ರದಲ್ಲಿ ಆ ಅಧಿಕಾರ ಕೇಳಿ ಪಡೆದವನು ನಾನೇ, 2021ರಲ್ಲಿ. ಆಗ ಅಕ್ಕನ ಮಗು ಮೂರು ತಿಂಗಳದ್ದು. ರಾತ್ರಿ ಪಕ್ಕದಲ್ಲೇ ತೊಟ್ಟಿಲು ಇಟ್ಟುಕೊಂಡು ಕೆಲಸ ಮಾಡುವಾಗ ಫ್ಯಾನ್ ಎರಡು ನಿಮಿಷಕ್ಕೊಮ್ಮೆ ಏರಿ ಇಳಿದು ಮಗುವನ್ನು ಎಬ್ಬಿಸುತ್ತದೆ ಎಂದಿದ್ದರು. ಏರುವುದಕ್ಕೂ ಇಳಿಯುವುದಕ್ಕೂ ನಡುವೆ ಐದಾರು ಡಿಗ್ರಿ ಅಂತರ ಇಟ್ಟು, ಮೆಲ್ಲಗೆ ಏರುವ ಹಾಗೆ ಬರೆದುಕೊಟ್ಟಿದ್ದೆ. ಒಳ್ಳೆಯ ಕೆಲಸ ಮಾಡಿದೆ ಎಂದು ಆಗ ಹೆಮ್ಮೆಯೂ ಪಟ್ಟಿದ್ದೆ.

ಆದರೆ ತಪ್ಪು ಅಲ್ಲೊಂದೇ ಇದೆಯೇ? ಥಿಂಕ್‌ಫ್ಯಾನ್ ನಿಲ್ಲಿಸಿದೆ. ಅದು ನಿಲ್ಲುವಾಗ ಫ್ಯಾನನ್ನು ಆಟೊಗೆ ಬಿಟ್ಟು ಹೋಗುತ್ತದೆ. ಎರಡೇ ಸೆಕೆಂಡಿನಲ್ಲಿ ಸದ್ದು ಏರಿತು, 3,700 ಸುತ್ತು. ಭಾರ ಹಾಗೇ ಇತ್ತು. ಪ್ರೊಸೆಸರ್ 98ರಿಂದ ಇಳಿದು 93ಕ್ಕೆ ನಿಂತಿತು. ಫುಲ್ ಸ್ಪೀಡ್ ಕೊಟ್ಟೆ, 4,600 ಸುತ್ತು, 90 ಡಿಗ್ರಿ. ಅಷ್ಟೇ. ಹದಿನೈದು ವ್ಯಾಟಿನ ಪ್ರೊಸೆಸರ್, ಜಗುಲಿಯಲ್ಲಿ 21 ಡಿಗ್ರಿ ಚಳಿ, ಫ್ಯಾನ್ ಕೂಗಿಕೊಳ್ಳುತ್ತಿದೆ, ಆದರೂ 90 ಅಂದರೆ ಗಾಳಿ ಹೋಗಬೇಕಾದಲ್ಲಿ ಹೋಗುತ್ತಿಲ್ಲ. ಹೊರಬರುವ ಕಿಂಡಿಗೆ ಅಂಗೈ ಹಿಡಿದೆ. ಸದ್ದಿಗೆ ತಕ್ಕ ಗಾಳಿ ಇಲ್ಲ.

ಹಾಗಾದರೆ ಎರಡು ರೋಗ. ಒಂದು ಹೇಳಿಕೆಯದು: ಫ್ಯಾನಿಗೆ ಸರಿಯಾದ ಆದೇಶ ಹೋಗುತ್ತಿಲ್ಲ. ಇನ್ನೊಂದು ದಾರಿಯದು: ಆದೇಶ ಹೋದರೂ ಗಾಳಿಗೆ ಹಾದಿ ಇಲ್ಲ. ಈ ಎರಡನ್ನು ಬೇರೆ ಮಾಡಿ ನೋಡದ ಕಾರಣಕ್ಕೇ ಎಷ್ಟೋ ಲ್ಯಾಪ್‌ಟಾಪುಗಳು ಅಂಗಡಿಯಿಂದ ಅಂಗಡಿಗೆ ಅಲೆಯುತ್ತವೆ. ಧೂಳು ತೆಗೆದವರು ಸಾಫ್ಟ್‌ವೇರ್ ನೋಡುವುದಿಲ್ಲ, ಸಾಫ್ಟ್‌ವೇರ್ ನೋಡುವವರು ಸ್ಕ್ರೂಡ್ರೈವರ್ ಹಿಡಿಯುವುದಿಲ್ಲ. ಕೈಯಿಂದ ಫ್ಯಾನನ್ನು ಪೂರ್ತಿ ಓಡಿಸಿ ತಾಪ ನೋಡುವುದು ಒಂದೇ ನಿಮಿಷದ ಕೆಲಸ. ಪೂರ್ತಿ ಓಡಿದಾಗ ಕಾವು ಚೆನ್ನಾಗಿ ಇಳಿದರೆ ನಿಯಂತ್ರಣದ ತಪ್ಪು, ಇಳಿಯದಿದ್ದರೆ ಒಳಗೆ ಕಸ ಕಟ್ಟಿದೆ ಅಥವಾ ಪ್ರೊಸೆಸರಿನ ಕಾವನ್ನು ತಾಮ್ರಕ್ಕೆ ದಾಟಿಸುವ ಪೇಸ್ಟ್ ಒಣಗಿದೆ. ಇಲ್ಲಿ ಇಳಿದದ್ದು ಎಂಟೇ ಡಿಗ್ರಿ.

ಅಷ್ಟರಲ್ಲಿ ಕರೆಂಟ್ ಹೋಯಿತು. ಬ್ಯಾಟರಿಯಲ್ಲಿ ಓಡುವಾಗ ವಿದ್ಯುತ್ ಉಳಿತಾಯದ ನಿಯಮಗಳು ಬೇರೆ, ಅಳತೆ ಹೊಂದುವುದಿಲ್ಲ. ಹೇಗೂ ಬಿಡುವು ಸಿಕ್ಕಿತು, ಕಷಾಯ ಕುಡಿದು ಬಿಚ್ಚಲು ಕೂತೆ.

ಬಿಚ್ಚುವ ಮೊದಲು ಯಂತ್ರದ ಮೂಲ ಸೆಟ್ಟಿಂಗ್ ಇರುವ ಬಯೋಸ್‌ಗೆ ಹೋಗಿ ಒಳಗಿನ ಬ್ಯಾಟರಿಯನ್ನು 'ಡಿಸೇಬಲ್' ಮಾಡಬೇಕು. ಥಿಂಕ್‌ಪ್ಯಾಡಿನಲ್ಲಿ ಅದಕ್ಕೆ ಪವರ್ ವಿಭಾಗದಲ್ಲೇ ಆಯ್ಕೆ ಇದೆ, ಮತ್ತೆ ಚಾರ್ಜರ್ ಚುಚ್ಚಿದಾಗ ತಾನಾಗಿ ಜೀವ ಬರುತ್ತದೆ. ಅಡಿಯ ಮುಚ್ಚಳದ ಒಂದು ಸ್ಕ್ರೂವಿನ ತಲೆ ಆಗಲೇ ಸವೆದಿತ್ತು, ರ‍್ಯಾಮ್ ಹಾಕಿದವರ ಅವಸರದ ಗುರುತು. ಹೊರಗಿನ ಕಿಂಡಿಗೆ ಟಾರ್ಚ್ ಬಿಟ್ಟು ನೋಡಿದರೆ ಲಕಲಕ. ಅಕ್ಕ ಪ್ರತಿ ಶನಿವಾರ ಬ್ರಷ್ಷಿನಲ್ಲಿ ಉಜ್ಜುತ್ತಿದ್ದರಂತೆ. ಆದರೆ ಕಸ ಕಟ್ಟುವುದು ಕಿಂಡಿಯಲ್ಲಲ್ಲ. ಫ್ಯಾನ್ ಗಾಳಿಯನ್ನು ತಾಮ್ರದ ತೆಳು ರೆಕ್ಕೆಗಳ ಸಾಲಿಗೆ ಊದುತ್ತದೆ, ಆ ರೆಕ್ಕೆಗಳ ಒಳಮುಖದಲ್ಲಿ, ಹೊರಗಿನಿಂದ ಯಾರಿಗೂ ಕಾಣದ ಜಾಗದಲ್ಲಿ. ಹೊರಗಿನಿಂದ ಊದಿದರೆ ಅದು ಫ್ಯಾನಿನ ಕಡೆಗೆ ಸರಿದು, ಮರುದಿನ ಫ್ಯಾನ್ ತಿರುಗಿದಾಗ ಮತ್ತೆ ಅಲ್ಲಿಗೇ ಬಂದು ಅಂಟುತ್ತದೆ.

ಫ್ಯಾನಿನ ಮುಚ್ಚಳ ಎತ್ತಿದಾಗ ಸಿಕ್ಕಿದ್ದನ್ನು ಧೂಳು ಅನ್ನಲು ಮನಸ್ಸು ಬರುವುದಿಲ್ಲ. ಅದು ಕಂಬಳಿ. ಹೆಬ್ಬೆರಳಿನ ಉದ್ದ, ಕಾಸಿನಷ್ಟು ದಪ್ಪ, ಬೂದು-ಕಂದು ಬಣ್ಣ. ಚಿಮಟದಿಂದ ಒಂದು ತುದಿ ಹಿಡಿದು ಎಳೆದರೆ ಇಡೀ ಪಟ್ಟಿ ಒಂದೇ ಸಲಕ್ಕೆ ಕಿತ್ತು ಬಂತು. ಬೆಳಕಿಗೆ ಹಿಡಿದರೆ ಒಳಗೆ ಅಡಿಕೆ ಸಿಪ್ಪೆಯ ನಾರು ಹೆಣಿಗೆಯ ಹಾಗೆ, ಅದರ ನಡುವೆ ಹತ್ತಿಯ ಎಳೆ, ಎಲ್ಲವನ್ನೂ ಅಂಟಿಸಿದ ಹೊಗೆಯ ಜಿಡ್ಡು. ಮೂಸಿದರೆ ಅಡಿಕೆ ಒಲೆಯ ಕಮಟು. ಮಳೆಗಾಲದ ತೇವ ಕುಡಿದು ಒಣಗಿ ಗಟ್ಟಿಯಾಗಿತ್ತು. ಪೇಟೆಯ ಲ್ಯಾಪ್‌ಟಾಪಿನ ಧೂಳು ಉಫ್ ಎಂದರೆ ಹಾರುತ್ತದೆ. ಮಲೆನಾಡಿನದು ಹಾರುವುದಿಲ್ಲ, ಕೀಳಬೇಕು.

ಅಕ್ಕನ ಅತ್ತೆ ಅದನ್ನು ನನ್ನ ಅಂಗೈಯಿಂದ ಎತ್ತಿ ಬೆರಳಲ್ಲಿ ಉಜ್ಜಿ ನೋಡಿದರು. "ಹೊಗೆಗಂಡಿ ಕಟ್ಟಿದ ಒಲೆಗೆ ಊದುಗೊಳವೇಲಿ ಊದಿದ್ರೆ ಮುಖಕ್ಕೇ ಬರ್ತದೆ" ಅಂದರು. ನಾನು ಗಂಟೆಗಟ್ಟಲೆ ವಿವರಿಸುವ ಸಂಗತಿ.

ರೆಕ್ಕೆಗಳನ್ನು ಹಳೆಯ ಟೂತ್‌ಬ್ರಷ್ಷಿನಲ್ಲಿ ಉಜ್ಜಿ ಬ್ಲೋವರ್ ಹಿಡಿದೆ, ಫ್ಯಾನಿನ ಎಸಳು ತಿರುಗದ ಹಾಗೆ ಬೆರಳು ಅಡ್ಡ ಕೊಟ್ಟು. ಬಿಟ್ಟರೆ ಗಾಳಿಯ ರಭಸಕ್ಕೆ ಅದು ಮಿತಿಮೀರಿ ಸುತ್ತಿ ಬೇರಿಂಗ್ ಹಾಳಾಗುತ್ತದೆ. ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ, ಒಂದು ಅಕ್ಕಿಕಾಳಿನಷ್ಟು ಹೊಸದು ಹಾಕಿ, ತಾಮ್ರದ ಪಟ್ಟಿಯ ಮೇಲೆ ಬರೆದಿರುವ ಸಂಖ್ಯೆಯ ಕ್ರಮದಲ್ಲೇ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದೆ.

ಕರೆಂಟ್ ಬಂದಾಗ ಹನ್ನೆರಡೂವರೆ. ಕ್ರೋಷಾ ಬಟ್ಟೆ ಮೇಜಿನ ಮೇಲೇ ಇತ್ತು, ಥಿಂಕ್‌ಫ್ಯಾನ್ ನಿಲ್ಲಿಸಿದ್ದೆ, ಫ್ಯಾನ್ ಆಟೊದಲ್ಲಿ. ಅದೇ ಭಾರ, ಹತ್ತು ನಿಮಿಷ: 79 ಡಿಗ್ರಿ, ವೇಗ 3.1 ಗಿಗಾಹರ್ಟ್ಸಿನಿಂದ ಕದಲಲಿಲ್ಲ. ಬಟ್ಟೆ ತೆಗೆದಾಗ 75. ಬಟ್ಟೆಯ ಪಾಲು ನಾಲ್ಕೇ ಡಿಗ್ರಿ. ನಾನು ಊಹಿಸಿದ್ದಕ್ಕಿಂತ ಕಡಿಮೆ.

ಇಲ್ಲಿಗೆ ಮುಗಿಸಿ ಎದ್ದಿದ್ದರೆ ಅಕ್ಕ ಖುಷಿಯಾಗಿ ಕಳಿಸಿಕೊಡುತ್ತಿದ್ದರು. ಕಂಬಳಿ ಅಷ್ಟು ದೊಡ್ಡದಿತ್ತು, ಯಾರು ನೋಡಿದರೂ ಕಾರಣ ಅದೇ ಅನ್ನುತ್ತಿದ್ದರು. ಆದರೆ ಒಂದು ಲೆಕ್ಕ ಕೂಡುತ್ತಿರಲಿಲ್ಲ. ಆ ಕಂಬಳಿ ಒಂದು ಕೊಯ್ಲಿನದಲ್ಲ, ಮೂರು ವರ್ಷದ್ದು. ಏಪ್ರಿಲಿನಲ್ಲೂ ಅದು ಅಲ್ಲೇ ಇತ್ತು. ದೀಪಾವಳಿಯ ನಂತರ ತಟ್ಟನೆ ಶುರುವಾದದ್ದು ಏನು?

ಅಕ್ಕನನ್ನು ಮತ್ತೆ ಕೇಳಿದೆ, ದೀಪಾವಳಿ ಹೊತ್ತಿಗೆ ಏನಾದರೂ ಮಾಡಿದಿರಾ? ಮಂಗಳೂರಿನಲ್ಲಿ ಓದುವ ಅವರ ಅಕ್ಕನ ಮಗ ರಜೆಗೆ ಬಂದಿದ್ದನಂತೆ. ಮಿಂಟ್ 20ರ ಬೆಂಬಲ ಮುಗಿಯುತ್ತಾ ಬಂದಿದೆ ಎಂದು 21ಕ್ಕೆ ಏರಿಸಿಕೊಟ್ಟಿದ್ದ. ಅವನು ಮಾಡಿದ್ದು ಸರಿಯೇ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಅದರೊಂದಿಗೆ ಕರ್ನಲ್ 5.4 ಹೋಗಿ 5.15 ಬಂದಿತ್ತು.

ನಾನು 2021ರಲ್ಲಿ ಬರೆದಿದ್ದ ಥಿಂಕ್‌ಫ್ಯಾನ್ ಕಾನ್ಫಿಗ್ ಫೈಲ್ ತೆರೆದೆ. ಎಲ್ಲಿಂದ ತಾಪ ಓದಬೇಕು ಎಂಬ ಸಾಲಿನಲ್ಲಿ ಒಂದು ವಿಳಾಸ: ಸಿಸ್, ಕ್ಲಾಸ್, ಎಚ್‌ಡಬ್ಲ್ಯುಮಾನ್ (ತಾಪಮಾಪಕಗಳ ಕೋಶ), ಅದರೊಳಗೆ 'ಎಚ್‌ಡಬ್ಲ್ಯುಮಾನ್ 4', ಅದರಲ್ಲಿ ಮೊದಲನೇ ತಾಪ. ಪಕ್ಕದಲ್ಲಿ ನನ್ನದೇ ಟಿಪ್ಪಣಿ, "ಇದು ಸಿಪಿಯು". ಆ ವಿಳಾಸದಲ್ಲಿ ಈಗ ಏನಿದೆ ಎಂದು ಓದಿದೆ. 47000 ಎಂದು ಬಂತು. ಲಿನಕ್ಸ್ ತಾಪವನ್ನು ಡಿಗ್ರಿಯ ಸಾವಿರದ ಒಂದು ಪಾಲಿನಲ್ಲಿ ಹೇಳುತ್ತದೆ, ಅಂದರೆ 47 ಡಿಗ್ರಿ. ಭಾರ ಕೊಟ್ಟೆ, ಪ್ರೊಸೆಸರ್ 75ಕ್ಕೆ ಏರಿತು. ಈ ಸಂಖ್ಯೆ 48000. ಆಯಾ ಕೋಶದಲ್ಲಿ 'ನೇಮ್' ಎಂಬ ಫೈಲ್ ಇರುತ್ತದೆ, ಅದು ಯಾರ ತಾಪ ಎಂದು ಹೇಳುತ್ತದೆ. ತೆರೆದೆ.

'ಐಡಬ್ಲ್ಯುಎಲ್‌ವೈಫೈ'. ವೈಫೈ ಕಾರ್ಡ್.

ಎಚ್‌ಡಬ್ಲ್ಯುಮಾನ್ ಸಂಖ್ಯೆಗಳು ಯಾರ ಹೆಸರಿಗೂ ಖಾಯಂ ಅಲ್ಲ. ಕಂಪ್ಯೂಟರ್ ಶುರುವಾಗುವಾಗ ಯಾವ ಡ್ರೈವರ್ ಮೊದಲು ಬಂತೋ ಅದಕ್ಕೆ ಮೊದಲ ಸಂಖ್ಯೆ, ಪಡಿತರ ಅಂಗಡಿಯ ಸಾಲಿನ ಹಾಗೆ. ಎನ್‌ವಿಎಂಇ ಎಸ್‌ಎಸ್‌ಡಿಗಳು, ಅಂದರೆ ಡೇಟಾ ಇಡುವ ಡಿಸ್ಕುಗಳು, ತಮ್ಮ ತಾಪವನ್ನು ಈ ಸಾಲಿನಲ್ಲಿ ನಿಂತು ಹೇಳಲು ಶುರುಮಾಡಿದ್ದು ಕರ್ನಲ್ 5.5ರಿಂದ, ಅದು ಬಂದದ್ದು 2020ರ ಜನವರಿಯಲ್ಲಿ. ಅಕ್ಕನ ಯಂತ್ರದಲ್ಲಿ ಹಳೆಯ 5.4 ಇರುವವರೆಗೆ ಎಸ್‌ಎಸ್‌ಡಿ ಸಾಲಿನಲ್ಲೇ ಇರಲಿಲ್ಲ. 5.15 ಬಂದಾಗ ಅದು ನಡುವೆ ಬಂದು ನಿಂತಿತು, ಹಿಂದಿದ್ದವರೆಲ್ಲ ಒಂದೊಂದು ಹೆಜ್ಜೆ ಸರಿದರು. ಮೂರರಲ್ಲಿದ್ದ ವೈಫೈ ನಾಲ್ಕಕ್ಕೆ, ನಾಲ್ಕರಲ್ಲಿದ್ದ ಪ್ರೊಸೆಸರ್ ಐದಕ್ಕೆ. ನನ್ನ ಫೈಲ್ ಮಾತ್ರ ನಾಲ್ಕನೆಯವರನ್ನೇ ಕೇಳುತ್ತಿತ್ತು.

ಫ್ಯಾನ್ ಕೆಟ್ಟಿರಲಿಲ್ಲ, ಥಿಂಕ್‌ಫ್ಯಾನ್ ಕೆಟ್ಟಿರಲಿಲ್ಲ. ಅದು ಐದೈದು ಸೆಕೆಂಡಿಗೊಮ್ಮೆ ನಿಯತ್ತಾಗಿ ವೈಫೈ ಕಾರ್ಡಿನ ಯೋಗಕ್ಷೇಮ ವಿಚಾರಿಸಿ, 47 ಡಿಗ್ರಿ, ಎಲ್ಲ ಕ್ಷೇಮ ಎಂದು ಎರಡನೇ ಮಟ್ಟದಲ್ಲಿ ಫ್ಯಾನ್ ಓಡಿಸುತ್ತಿತ್ತು. ಪಕ್ಕದಲ್ಲಿ ಪ್ರೊಸೆಸರ್ ಬೇಯುತ್ತಿತ್ತು. ಇಂಥ ತಪ್ಪಿಗೆ ಕಾವಲೂ ಕೆಲಸಕ್ಕೆ ಬರುವುದಿಲ್ಲ. ಫ್ಯಾನ್ ನಡೆಸುವ ಪ್ರೋಗ್ರಾಂ ಸತ್ತರೆ ಅಥವಾ ಹೊತ್ತಿಗೆ ಸರಿಯಾಗಿ ಮಾತಾಡದಿದ್ದರೆ ಫ್ಯಾನನ್ನು ಆಟೊಗೆ ತಿರುಗಿಸುವ ವಾಚ್‌ಡಾಗ್ ಥಿಂಕ್‌ಪ್ಯಾಡ್ ಡ್ರೈವರಿನಲ್ಲಿದೆ. ಪ್ರೋಗ್ರಾಂ ಬದುಕಿದ್ದು ತಪ್ಪು ಲೆಕ್ಕ ಹೇಳುತ್ತಿದ್ದರೆ ಅದಕ್ಕೆ ತಿಳಿಯುವ ಬಗೆಯೇ ಇಲ್ಲ.

ಆಗ ಆ ಬಿಲ್ಲಿನ ಹಿಂದೆ ಬರೆದಿದ್ದ ಮೂರನೇ ಸಾಲು ನೆನಪಾಯಿತು. ಕೇಬಲ್ ಹಾಕಿದ ದಿನ ಚೆನ್ನಾಗಿರ್ತದೆ.

"ಅಕ್ಕಾ, ಕೇಬಲ್ ಹಾಕಿದಾಗ ವೈಫೈ ಏನು ಮಾಡ್ತೀರಿ?"

"ಆಫ್ ಮಾಡ್ತೀನಿ. ಎರಡೂ ಇದ್ರೆ ಗಲಿಬಿಲಿ ಆಗ್ತದೆ ಅಂತ ಆ ಮಂಗಳೂರಿನ ಹುಡುಗನೇ ಹೇಳಿದ್ದ."

ವೈಫೈ ಆಫ್ ಆದರೆ ಆ ಕಾರ್ಡಿನ ತಾಪ ಓದಲು ಸಿಗುವುದಿಲ್ಲ. ಕೇಳಿದರೆ ಮಾಹಿತಿ ಇಲ್ಲ ಎಂಬ ಉತ್ತರ ಬರುತ್ತದೆ. ಸೆನ್ಸರ್ ಕಳೆದುಹೋಯಿತು ಎಂದು ಥಿಂಕ್‌ಫ್ಯಾನ್ ಕೈಚೆಲ್ಲಿ ನಿಲ್ಲುತ್ತದೆ, ಹೋಗುವಾಗ ಫ್ಯಾನನ್ನು ಆಟೊಗೆ ಬಿಟ್ಟು ಹೋಗುತ್ತದೆ. ಆಟೊದಲ್ಲಿ ಫ್ಯಾನ್ ನಿಜವಾದ ಕಾವಿಗೆ ತಕ್ಕ ಹಾಗೆ ಓಡುತ್ತದೆ, ಆ ಕಂಬಳಿಯ ನಡುವೆಯೂ ಸುಧಾರಿಸುವಷ್ಟು. ಅಂದರೆ ನನ್ನ ಪ್ರೋಗ್ರಾಂ ಸತ್ತ ದಿನವೆಲ್ಲ ಅಕ್ಕನಿಗೆ ಒಳ್ಳೆಯ ದಿನ! ಸಿಸ್ಟಮ್ ಲಾಗ್ ತೆಗೆದು ನೋಡಿದೆವು. ನವೆಂಬರಿನಿಂದ ಹನ್ನೊಂದು ದಿನ ಥಿಂಕ್‌ಫ್ಯಾನ್ 'ಲಾಸ್ಟ್ ಸೆನ್ಸರ್' ಎಂದು ಬರೆದು ನಿಂತಿತ್ತು. ಅಕ್ಕ ತಮ್ಮ ಲೆಕ್ಕದ ಪುಸ್ತಕ ತಂದು, ಹೆಚ್ಚು ಅರ್ಜಿ ಹೋದ ದಿನಗಳಿಗೆ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದರು. ಒಂದು ದಿನ ಬಿಟ್ಟು ಎಲ್ಲ ಹೊಂದಿತು. ಕೆಲವು ಸಲ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿದ್ದದ್ದೂ ಇದರದೇ ತಮ್ಮ: ಥಿಂಕ್‌ಫ್ಯಾನ್ ಎದ್ದು ಕೇಳುವ ಹೊತ್ತಿಗೆ ವೈಫೈ ಇನ್ನೂ ಎದ್ದಿರದಿದ್ದರೆ ಅವತ್ತು ಅದು ಹುಟ್ಟುವ ಮೊದಲೇ ಸತ್ತಿರುತ್ತಿತ್ತು.

ದುರಸ್ತಿ ಎರಡು ಸಾಲಿನದು. ಸಂಖ್ಯೆಯ ವಿಳಾಸ ತೆಗೆದು, ಪ್ಲಾಟ್‌ಫಾರ್ಮ್ ಕೋಶದ ಕೆಳಗಿನ 'ಕೋರ್‌ಟೆಂಪ್' ಎಂಬ ಸಾಧನದ ಹೆಸರಿನ ವಿಳಾಸ ಕೊಟ್ಟೆ. ಸಾಲಿನಲ್ಲಿ ಯಾರು ಎಲ್ಲಿ ನಿಂತರೂ ಹೆಸರು ಹಿಡಿದು ಕರೆದರೆ ಅವರೇ ಬರುತ್ತಾರೆ. ಮಟ್ಟಗಳನ್ನೂ ಸಡಿಲಿಸಿದೆ: 58ರವರೆಗೆ ಒಂದು, ಅದರ ಮೇಲೆ ಮೂರು, 66ರ ಮೇಲೆ ಐದು, 74 ದಾಟಿದರೆ ಏಳು. ಇಳಿಯುವಾಗ ಪ್ರತಿಯೊಂದಕ್ಕೂ ಆರು ಡಿಗ್ರಿ ಅಂತರ. ಬರೆದು ಮುಗಿಸಿದ ಮೇಲೆ ಅನ್ನಿಸಿತು, ಮಗುವಿಗೆ ಈಗ ಮೂರೂವರೆ ವರ್ಷ, ಒಳಗಿನ ಕೋಣೆಯಲ್ಲಿ ಮಲಗುತ್ತದೆ, ಇದರ ಅಗತ್ಯವಾದರೂ ಏನು? ಅಕ್ಕನನ್ನು ಕೇಳಿದೆ. "ಸದ್ದು ಬಂದ್ರೆ ಬರಲಿ, ಸದ್ದೇ ಇಲ್ದೆ ಹೀಂಗಾಯ್ತಲ್ಲ" ಅಂದರು. ಥಿಂಕ್‌ಫ್ಯಾನ್ ಅನ್ನೇ ತೆಗೆದುಹಾಕಿದೆ. ಸರಿಮಾಡಿದ ಫೈಲನ್ನು ನನ್ನ ಪೆನ್‌ಡ್ರೈವಿಗೆ ಹಾಕಿಕೊಂಡೆ, ಅದು ಬೇರೆಯವರಿಗೆ ಬೇಕಾಗಿತ್ತು.

ಮೇಜನ್ನು ರಸ್ತೆ ಕಡೆಯ ಕಿಟಕಿಗೆ ಸರಿಸಿದೆವು. ಲ್ಯಾಪ್‌ಟಾಪಿನ ಅಡಿಗೆ ಕ್ರೋಷಾ ಬದಲು ಎರಡು ಅಡಿಕೆ ದಬ್ಬೆಯ ತುಂಡು ಅಡ್ಡ ಇಟ್ಟೆ, ಪೇಟೆಯಲ್ಲಿ ಏಳೆಂಟು ನೂರು ಕೊಟ್ಟು ತರುವ ಸ್ಟ್ಯಾಂಡಿಗಿಂತ ಏನೂ ಕಮ್ಮಿ ಇಲ್ಲ. ಕೊಯ್ಲು ಮುಗಿದ ಮೇಲೆ ವರ್ಷಕ್ಕೊಮ್ಮೆ ಬಿಚ್ಚಿ ತೆಗೆಯಬೇಕು ಎಂದು ಹೇಳಿ ಬಂದೆ. ಫೆಬ್ರವರಿಯಲ್ಲಿ ಅಕ್ಕ ಒಂದು ಫೋಟೊ ಕಳಿಸಿದರು, ಇಡೀ ದಿನದ ಕೆಲಸದ ನಂತರ ಆ ಎಣಿಕೆಯ ಫೈಲಿನದು. ಸೊನ್ನೆ. ಫ್ಯಾನಿನ ಬೇರಿಂಗ್ ಮಾತ್ರ ಬೆಳಗಿನ ಚಳಿಯಲ್ಲಿ ಸ್ವಲ್ಪ ಕಿರುಗುಟ್ಟುತ್ತದಂತೆ. ಅದನ್ನು ಮಳೆಗಾಲದ ಮೊದಲು ಬದಲಿಸಬೇಕು.

ಅವತ್ತು ಶಿವಮೊಗ್ಗಕ್ಕೆ ವಾಪಸ್ ಬಸ್ಸಿನಲ್ಲಿ ಕೂತು, 2021-22ರಲ್ಲಿ ಅದೇ ಫೈಲ್ ಹಾಕಿಕೊಟ್ಟಿದ್ದ ಗಿರಾಕಿಗಳ ಪಟ್ಟಿ ಮಾಡಿದೆ. ಐದು ಜನ. ಒಬ್ಬೊಬ್ಬರಿಗೇ ಫೋನ್ ಹಚ್ಚಿದೆ. ಇಬ್ಬರು ಹಳೆಯ ಕರ್ನಲಿನಲ್ಲೇ ಇದ್ದರು, ತೊಂದರೆ ಆಗಿರಲಿಲ್ಲ. ಒಬ್ಬರಿಗೆ ಅದೃಷ್ಟಕ್ಕೆ ಸಂಖ್ಯೆ ಬದಲಾಗಿರಲಿಲ್ಲ. ಸಾಗರದ ಮೇಷ್ಟ್ರೊಬ್ಬರು "ಹೌದ್ರಿ, ತೊಡೆ ಮೇಲೆ ಇಟ್ಕೊಳ್ಳೋಕಾಗಲ್ಲ, ವಯಸ್ಸಾಯ್ತು ಅನ್ಕೊಂಡಿದ್ದೆ" ಅಂದರು. ಅವರದ್ದನ್ನು ಮರುದಿನವೇ ದೂರದಿಂದ ಸರಿಮಾಡಿದೆ. ಐದನೆಯವರು ಹೊಸನಗರದ ಕಡೆಯ ಹುಡುಗ. ನಾನು ವಿಷಯ ಹೇಳಿ ಮುಗಿಸುವವರೆಗೂ ಸುಮ್ಮನೆ ಕೇಳಿಸಿಕೊಂಡು, ಆಮೇಲೆ ಅಂದ: "ಅದು ಸಿಕ್ಕಾಪಟ್ಟೆ ಬಿಸಿ ಆಗ್ತಿತ್ತು ಅಣ್ಣ. ಹೋದ ವರ್ಷನೇ ಗುಜರಿಗೆ ಕೊಟ್ಟುಬಿಟ್ಟೆ."